ಕಣ್ಣು ಕಾಯುವುದಿಲ್ಲ

ಮಾಮೂಲಿ ವೆಬ್‌ಕ್ಯಾಮ್ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಅಂದ್ರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸಿಗೋದು 33 ಮಿಲಿಸೆಕೆಂಡ್. ಆ ಕಡೆ ನಮ್ಮ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಾಗ ಬದಲಿಸುತ್ತೆ. ಈಗ ಈ ಸಾಲು ಓದ್ತಿರೋ ನಿಮ್ಮ ಕಣ್ಣು ಕೂಡ ಮೆಲ್ಲಗೆ ಜಾರುತ್ತಿಲ್ಲ. ಒಂದು ಕಡೆ ಕಾಲು ಸೆಕೆಂಡಿನಷ್ಟು ನಿಂತು, ಪಟಕ್ಕಂತ ಮುಂದಕ್ಕೆ ಜಿಗಿದು, ಮತ್ತೆ ನಿಲ್ಲುತ್ತಿದೆ.

ಕಣ್ಣು ಎಲ್ಲಿ ನೋಡ್ತಿದೆ ಅಂತ ಕಂಡುಹಿಡಿಯೋ ಪ್ರೋಗ್ರಾಂ ಈ ಓಟಕ್ಕೆ ಸಮನಾಗಿ ಓಡಬೇಕು. ಉತ್ತರ ಸರಿಯಾಗಿದ್ದೂ ಒಂದು ಸೆಕೆಂಡ್ ತಡವಾಗಿ ಬಂದರೆ ಅದು ತಪ್ಪು ಉತ್ತರವೇ. ಅಷ್ಟು ಹೊತ್ತಿಗೆ ಕಣ್ಣು ಬೇರೆ ಕಡೆ ಹೋಗಿರುತ್ತೆ. ಈ ಸಲದ ಅಂಕಣ ಅಂಥದ್ದೊಂದು ಕೋಡನ್ನು ವೇಗ ಮಾಡಿದ್ದರ ಬಗ್ಗೆ. ಕೋಡ್ ಬರೆಯದವರೂ ಓದಬಹುದು, ಗಣಿ, ರೈಲು, ಪಾನಿಪುರಿ ಎಲ್ಲಾ ಬರುತ್ತೆ.

ಯಾರಿಗಾಗಿ

ನಮ್ಮ ದೊಡ್ಡಪ್ಪ ಕೆಜಿಎಫ್‌ನವರು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಈಗ ಅವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ. ಕೈಕಾಲು ನಿಂತಿವೆ, ಮಾತು ನಿಂತಿದೆ. ಈ ಕಾಯಿಲೆಯಲ್ಲಿ ಕಣ್ಣು ಆಡಿಸುವ ಸ್ನಾಯುಗಳು ಸಾಮಾನ್ಯವಾಗಿ ಬಹುಕಾಲ ಉಳಿಯುತ್ತವೆ. ದೊಡ್ಡಪ್ಪನಿಗೆ ಉಳಿದಿರೋ ದಾರಿ ಅದೊಂದೇ.

ದೊಡ್ಡಮ್ಮ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೂಲೆಗಳಲ್ಲಿ ಪದ ಬರೆದು ಇಬ್ಬರ ಮಧ್ಯೆ ಹಿಡೀತಾರೆ. ಅವರು ಯಾವ ಮೂಲೆ ನೋಡ್ತಾರೋ ಆಚೆ ಬದಿಯಿಂದ ಇವರು ಓದ್ಕೋತಾರೆ. ವಿದ್ಯುತ್ತೂ ಬೇಡ, ಚಾರ್ಜರ್ರೂ ಬೇಡ. ನನಗೆ ಗೊತ್ತಿರೋ ಯಾವ ಪ್ರೋಗ್ರಾಂಗಿಂತಲೂ ದೊಡ್ಡಮ್ಮ ಚುರುಕು. ಆದ್ರೆ ಅವರೇ ಹೇಳಿದ ಹಾಗೆ, "ಎದುರಿಗೆ ಕೂತಿದ್ರೆ ನಂಗೆ ಎಲ್ಲಾ ತಿಳಿಯತ್ತಪ್ಪ. ನಾನು ಅಡುಗೆ ಮನೇಲಿದ್ದಾಗ ಅವರು ಕರೆಯೋದು ಹೆಂಗೆ?"

ಇದಕ್ಕೇ ಅಂತ ಮಾಡಿದ ಸಾಧನಗಳು ಇವೆ, ಬೆಲೆ ಲಕ್ಷಗಳಲ್ಲಿ. ಹಾಗಂತ ಮಾಮೂಲಿ ವೆಬ್‌ಕ್ಯಾಮ್‌ನಿಂದ ಆಗೋದೇ ಇಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡ ಚೆನ್ನೈನ ವಿದ್ಯಾ ಸಾಗರ್ ಸಂಸ್ಥೆಯ ಜೊತೆ ಸೇರಿ, ಮಾತು ಮತ್ತು ಚಲನೆಯ ತೀವ್ರ ತೊಂದರೆ ಇರುವವರು ವೆಬ್‌ಕ್ಯಾಮ್ ಮುಂದೆ ಬರೀ ನೋಟದಿಂದ ರೋಬೋಟ್ ಕೈಯನ್ನೇ ನಡೆಸುವ ವ್ಯವಸ್ಥೆ ಮಾಡಿ ತೋರಿಸಿದೆ. ನಮಗೆ ಬೇಕಾಗಿದ್ದದ್ದು ಅಷ್ಟೆಲ್ಲ ಅಲ್ಲ. ಪರದೆ ಮೇಲೆ ಆರು ಚೌಕ: ನೀರು, ನೋವು, ತಿರುಗಿಸಿ, ಬನ್ನಿ, ಹೌದು, ಬೇಡ. ನೋಡಿದ ಚೌಕದ ಪದವನ್ನು ಮನೆಯ ಹಳೇ ಲ್ಯಾಪ್‌ಟಾಪ್ ಜೋರಾಗಿ ಹೇಳಿದರೆ ಸಾಕು.

ದೊಡ್ಡಪ್ಪನ ಮೊಮ್ಮಗಳು, ಅಂದ್ರೆ ನಮ್ಮಕ್ಕನ ಮಗಳು, ಇಂಜಿನಿಯರಿಂಗ್ ಮೂರನೇ ವರ್ಷ. ಪೈಥಾನ್‌ನಲ್ಲಿ ಅವಳೇ ಇದನ್ನು ಬರೆದಳು. ಗುರಿ ಸರಿ, ಗಣಿತ ಸರಿ. ಆದರೆ ಒಂದೊಂದು ಚಿತ್ರಕ್ಕೆ ಒಂದೂವರೆ ಸೆಕೆಂಡ್ ತಗೋತಿತ್ತು. ತಾತ "ನೋವು" ನೋಡಿ, ಏನೂ ಆಗಲಿಲ್ಲ ಅಂತ ಕಣ್ಣು ಈ ಕಡೆ ತಿರುಗಿಸಿದ ಮೇಲೆ ಅಲ್ಲಿ ದೀಪ ಹತ್ತೋದು. ಎರಡು ದಿನ ಪ್ರಯತ್ನಪಟ್ಟು, ಮೂರನೇ ದಿನ ಲ್ಯಾಪ್‌ಟಾಪ್ ತಂದಿಟ್ಟ ಕೂಡಲೇ ಅವರು ಕಣ್ಣು ಮುಚ್ಚಿಬಿಟ್ಟರು.

"ಮಾಮ, ತಾತ ನನ್ನ ಕೋಡನ್ನ ರಿಜೆಕ್ಟ್ ಮಾಡಿದ್ರು" ಅಂತ ಫೋನ್ ಮಾಡಿದಳು.

ಕಣ್ಣಿನ ನಡುವನ್ನು ಹುಡುಕೋದು ಹೇಗೆ

ಅವಳು ಬಳಸಿದ್ದು ಫೇಬಿಯನ್ ಟಿಮ್ ಮತ್ತು ಎರ್ಹಾರ್ಟ್ ಬಾರ್ತ್ 2011ರಲ್ಲಿ ಕೊಟ್ಟ ವಿಧಾನ. ಕಲ್ಪನೆ ಬಹಳ ಸರಳ. ಕಪ್ಪು ಗುಡ್ಡೆಯ ಅಂಚಿನಲ್ಲಿ ಕತ್ತಲು ಮುಗಿದು ಬೆಳಕು ಶುರುವಾಗುತ್ತೆ. ಅಂಚಿನ ಪ್ರತಿ ಪಿಕ್ಸೆಲ್‌ನಲ್ಲೂ ಕತ್ತಲಿಂದ ಬೆಳಕಿನ ಕಡೆಗೆ ಒಂದು ಬಾಣ ಬರೆಯಿರಿ. ಬಂಡಿ ಚಕ್ರದ ಅರೆಕಾಲುಗಳ ಹಾಗೆ ಆ ಬಾಣಗಳೆಲ್ಲ ಹೊರಕ್ಕೆ ಮುಖ ಮಾಡಿರುತ್ತವೆ. ಹಾಗಾದರೆ ಚಕ್ರದ ಗುಂಬ ಎಲ್ಲಿ? ಎಲ್ಲಿ ನಿಂತು ನೋಡಿದರೆ ಅತಿ ಹೆಚ್ಚು ಬಾಣಗಳು ನೇರವಾಗಿ ನಮ್ಮಿಂದ ಹೊರಟಂತೆ ಕಾಣುತ್ತವೋ ಅಲ್ಲಿ. ಅದೇ ಕಣ್ಣಿನ ನಡು.

ಹುಡುಕುವುದೂ ಅಷ್ಟೇ ಸರಳ. ಕಣ್ಣಿನ ತುಣುಕು 50 ಅಡ್ಡ, 50 ಉದ್ದ ಅಂತ ಇಟ್ಕೊಳ್ಳಿ. ನಡು ಆಗಬಹುದಾದ ಜಾಗಗಳು 2,500. ಒಂದೊಂದು ಜಾಗದಲ್ಲೂ ನಿಂತು, ಒಂದೊಂದು ಬಾಣವನ್ನೂ ನೋಡಿ, ದಿಕ್ಕು ಎಷ್ಟು ಹೊಂದುತ್ತೆ ಅಂತ ಅಂಕ ಕೊಡಬೇಕು. ಎಲ್ಲ ಪಿಕ್ಸೆಲ್‌ಗಳ ಬಾಣ ತಗೊಂಡರೆ 2,500 ಗುಣಿಸು 2,500, ಅಂದ್ರೆ 62.5 ಲಕ್ಷ ಹೋಲಿಕೆ. ಬಲವಾದ 300 ಬಾಣ ಮಾತ್ರ ತಗೊಂಡರೆ 7.5 ಲಕ್ಷ. ಅವಳು 300 ತಗೊಂಡಿದ್ದಳು, ಜಾಣೆ.

ಆದರೂ ಲೆಕ್ಕ ನೋಡಿ. ಪೈಥಾನ್ ಲೂಪ್‌ನಲ್ಲಿ ಇಂಥ ಒಂದು ಹೋಲಿಕೆಗೆ, ಅಂದ್ರೆ ಒಂದಿಷ್ಟು ಕಳೆಯೋದು, ಗುಣಿಸೋದು, ಕೂಡೋದಕ್ಕೆ, ಸುಮಾರು ಒಂದು ಮೈಕ್ರೋಸೆಕೆಂಡ್ ಬೇಕು. 7.5 ಲಕ್ಷ ಮೈಕ್ರೋಸೆಕೆಂಡ್ ಅಂದ್ರೆ ಮುಕ್ಕಾಲು ಸೆಕೆಂಡ್. ಎರಡು ಕಣ್ಣಿಗೆ ಒಂದೂವರೆ. ನಮ್ಮ ಹತ್ತಿರ ಇರೋದು 33 ಮಿಲಿಸೆಕೆಂಡ್.

ಒಂದು ಕಲ್ಲಿಗೆ ಒಂದು ಕೇಜ್

ಪೈಥಾನ್ ಲೂಪ್ ಯಾಕೆ ನಿಧಾನ ಅನ್ನೋದನ್ನು ಕೆಜಿಎಫ್ ಹುಡುಗಿಗೆ ಹೇಳಿಕೊಡೋದು ಕಷ್ಟವಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಕೆಳಗೆ ಹೋಗಿ ಬರೋದು ಅಂದ್ರೆ ಗಂಟೆ ಹೊಡೀಬೇಕು, ಕೇಜ್ ಬರಬೇಕು, ಬಾಗಿಲು ಹಾಕಬೇಕು, ಇಳೀಬೇಕು, ಅಲ್ಲಿಂದ ಇನ್ನೊಂದು ಶಾಫ್ಟ್‌ಗೆ ನಡೀಬೇಕು. ಈಗ ಯಾರಾದರೂ ಅಷ್ಟೆಲ್ಲ ಮಾಡಿ ಒಂದೇ ಒಂದು ಕಲ್ಲು ಎತ್ತಿಕೊಂಡು ಮೇಲೆ ಬಂದು, ಮತ್ತೆ ಇನ್ನೊಂದು ಕಲ್ಲಿಗೆ ಇಳಿದರೆ?

ಪೈಥಾನ್ ಲೂಪ್ ಮಾಡೋದು ಅದನ್ನೇ. ಪ್ರತಿ ಸಂಖ್ಯೆಗೂ "ನೀನು ಯಾವ ಜಾತಿಯ ಸಂಖ್ಯೆ? ಪೂರ್ಣಾಂಕವೋ ದಶಮಾಂಶವೋ? ನಿನ್ನನ್ನು ಗುಣಿಸೋದು ಹೇಗೆ?" ಅಂತ ವಿಚಾರಿಸಿ, ಉತ್ತರವನ್ನು ಹೊಸದೊಂದು ಡಬ್ಬಿಯಲ್ಲಿಟ್ಟು, ಆಮೇಲೆ ಮುಂದಿನದಕ್ಕೆ ಹೋಗುತ್ತೆ. ಗುಣಾಕಾರ ಕ್ಷಣಮಾತ್ರದ ಕೆಲಸ. ಹೊತ್ತೆಲ್ಲ ಹೋಗಿಬರೋದರಲ್ಲೇ ಕಳೆಯುತ್ತೆ.

ಅರೇ ಪ್ರೋಗ್ರಾಮಿಂಗ್ ಅಂದ್ರೆ ಕೇಜ್ ತುಂಬಿಸಿ ಕಳಿಸೋದು. "ಇದು ಒಂದೇ ಜಾತಿಯ ಸಂಖ್ಯೆಗಳ ಸಾಲು, ಎಲ್ಲವನ್ನೂ ಇದರಿಂದ ಗುಣಿಸು" ಅಂತ ಒಂದೇ ಅಪ್ಪಣೆ. ವಿಚಾರಣೆ ಒಂದು ಸಲ, ಪ್ರಯಾಣ ಒಂದು ಸಲ. ಜೊತೆಗೆ ಇಂದಿನ ಪ್ರೊಸೆಸರ್‌ಗಳಿಗೆ ಒಂದೇ ಅಪ್ಪಣೆಯಲ್ಲಿ ಅಕ್ಕಪಕ್ಕದ ಎಂಟು ದಶಮಾಂಶ ಸಂಖ್ಯೆಗಳನ್ನು ಒಟ್ಟಿಗೆ ಗುಣಿಸುವ ಶಕ್ತಿ ಇದೆ. ಸಾಲಾಗಿ ಜೋಡಿಸಿಟ್ಟರೆ ಆ ಶಕ್ತಿ ಬಳಕೆಗೆ ಬರುತ್ತೆ, ಒಂದೊಂದಾಗಿ ಕೊಟ್ಟರೆ ಇಲ್ಲ.

ಇದು ಹೊಸ ಯೋಚನೆಯೇನಲ್ಲ. ಕೆನೆತ್ ಐವರ್ಸನ್ 1962ರಲ್ಲೇ ತಮ್ಮ ಪುಸ್ತಕದಲ್ಲಿ ಇಂಥ ಬರವಣಿಗೆಯನ್ನು ರೂಪಿಸಿದ್ದರು. ಅದರಿಂದಲೇ ಎಪಿಎಲ್ ಭಾಷೆ ಹುಟ್ಟಿತು. 1979ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಪೈಥಾನ್‌ನವರಿಗೆ ಇದನ್ನು ತಂದುಕೊಟ್ಟದ್ದು ನಮ್‌ಪೈ. ಟ್ರಾವಿಸ್ ಆಲಿಫಾಂಟ್ ಮುಂದಾಳತ್ವದಲ್ಲಿ 2006ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು.

ಹತ್ತು ಪ್ಲೇಟ್ ಒಟ್ಟಿಗೆ

ಬಂಗಾರಪೇಟೆಯ ಪಾನಿಪುರಿ ತಿಂದವರಿಗೆ ಗೊತ್ತು, ಪಾನಿ ನೀರಿನಷ್ಟೇ ತಿಳಿ, ಖಾರ ಮಾತ್ರ ನೆತ್ತಿಗೇರುತ್ತೆ. ಸಂಜೆ ನೂಕುನುಗ್ಗಲಿನಲ್ಲಿ ಗಾಡಿಯವರ ಕೈ ನೋಡಿ. ಒಂದು ಪ್ಲೇಟ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಲ್ಲ. ಹತ್ತು ಪ್ಲೇಟ್ ಸಾಲಾಗಿಟ್ಟು, ಎಲ್ಲದಕ್ಕೂ ಪೂರಿ, ಎಲ್ಲದಕ್ಕೂ ಈರುಳ್ಳಿ, ಎಲ್ಲದಕ್ಕೂ ಪಾನಿ.

ಕೋಡನ್ನೂ ಹಾಗೇ ತಿರುಗಿಸಿದೆವು. ಹಳೆಯದು: "ಪ್ರತಿ ಜಾಗಕ್ಕೆ, ಪ್ರತಿ ಬಾಣಕ್ಕೆ, ದಿಕ್ಕು ಕಂಡುಹಿಡಿ, ಗುಣಿಸು, ಕೂಡು." ಹೊಸದು: 2,500 ಜಾಗಗಳನ್ನು ಮೇಲಿಂದ ಕೆಳಕ್ಕೆ ಒಂದು ಕಂಬಸಾಲಾಗಿ ನಿಲ್ಲಿಸಿ, 300 ಬಾಣಗಳನ್ನು ಎಡದಿಂದ ಬಲಕ್ಕೆ ಅಡ್ಡಸಾಲಾಗಿ ಮಲಗಿಸಿ. ಎರಡನ್ನೂ ಕೂಡಿಸಿದರೆ ನಮ್‌ಪೈ ತಾನಾಗಿಯೇ ಮಗ್ಗಿ ಪುಸ್ತಕದ ಚೌಕದಂತೆ 2,500 ಗುಣಿಸು 300ರ ಕೋಷ್ಟಕ ತುಂಬಿಸುತ್ತೆ. ಇದಕ್ಕೆ ಬ್ರಾಡ್‌ಕಾಸ್ಟಿಂಗ್ ಅಂತ ಹೆಸರು. ಆಮೇಲೆ ಇಡೀ ಕೋಷ್ಟಕಕ್ಕೆ ಒಂದೊಂದೇ ಅಪ್ಪಣೆ: ಅಡ್ಡದಿಕ್ಕು ಗುಣಿಸು, ಉದ್ದದಿಕ್ಕು ಗುಣಿಸು, ಎರಡನ್ನೂ ಕೂಡು, ಸೊನ್ನೆಗಿಂತ ಕಡಿಮೆ ಬಂದದ್ದನ್ನು ಸೊನ್ನೆ ಮಾಡು, ವರ್ಗ ತೆಗೆ, ಸಾಲು ಸಾಲಾಗಿ ಮೊತ್ತ ಹಾಕು. ಮೊತ್ತ ಎಲ್ಲಿ ದೊಡ್ಡದೋ ಅಲ್ಲೇ ಕಣ್ಣಿನ ನಡು.

ಎರಡು ಲೂಪ್ ಹೋಗಿ ಆರು ಸಾಲು ಉಳಿಯಿತು. ಇನ್ನೊಂದು ಉಳಿತಾಯವೂ ಆಯಿತು. ಈ ಪಿಕ್ಸೆಲ್‌ನಿಂದ ಆ ಪಿಕ್ಸೆಲ್ ಯಾವ ದಿಕ್ಕಿಗಿದೆ ಅನ್ನೋದು ಕಣ್ಣು ಹೇಗೆ ಆಡಿದರೂ ಬದಲಾಗಲ್ಲ. ಹಾಗಾಗಿ ಆ ದಿಕ್ಕುಗಳ ಪಟ್ಟಿಯನ್ನು ಪ್ರೋಗ್ರಾಂ ಶುರುವಾಗುವಾಗಲೇ ಒಮ್ಮೆ ಮಾಡಿಟ್ಟರೆ ಮುಗೀತು. ವರ್ಗಮೂಲ, ಭಾಗಾಕಾರ ಎಲ್ಲಾ ಅಲ್ಲೇ ತೀರಿಹೋಗುತ್ತೆ. ಈಗ ಎರಡೂ ಕಣ್ಣಿನ ಕೆಲಸ ಹತ್ತು ಮಿಲಿಸೆಕೆಂಡಿನ ಆಸುಪಾಸು.

ಮೂರು ಎಚ್ಚರ

ಅರೇ ಅಂದ ಮಾತ್ರಕ್ಕೆ ಎಲ್ಲಾ ವೇಗ ಆಗಿಬಿಡಲ್ಲ. ನಾವಿಬ್ಬರೂ ಕೂತು ಅಳೆದು ನೋಡಿ ತಿಳಿದದ್ದು ಮೂರು.

ಒಂದು, ಗುಡ್ಡೆ ಬೀಳುತ್ತೆ. ಕೆಜಿಎಫ್‌ಗೆ ಬಂದವರಿಗೆಲ್ಲ ಮೊದಲು ಕಾಣೋದು ಸೈನೈಡ್ ಗುಡ್ಡಗಳು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ. ಅರೇ ಕೋಡ್ ಕೂಡ ಪ್ರತಿ ಅಪ್ಪಣೆಗೂ ಒಂದು ರಾಶಿ ಮಾಡುತ್ತೆ, ನಡುವಿನ ಉತ್ತರಗಳದ್ದು. 2,500 ಗುಣಿಸು 2,500ರ ಕೋಷ್ಟಕ, ಒಂದೊಂದು ಸಂಖ್ಯೆಗೆ 8 ಬೈಟ್, ಅಂದ್ರೆ ಒಂದು ರಾಶಿಗೆ 5 ಕೋಟಿ ಬೈಟ್, 50 ಎಂಬಿ. ಸೆಕೆಂಡಿಗೆ 30 ಸಲ, ಪ್ರತಿ ಸಲ ಐದಾರು ರಾಶಿ. ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ. 300 ಬಾಣ, 4 ಬೈಟ್‌ನ ಸಂಖ್ಯೆ ಅಂತ ಇಟ್ಟರೆ ಅದೇ ರಾಶಿ 3 ಎಂಬಿಗೆ ಇಳಿಯುತ್ತೆ. ಪ್ರೊಸೆಸರ್ ಪಕ್ಕದಲ್ಲೇ ಇರೋ ಪುಟ್ಟ ಮೆಮೊರಿಯಲ್ಲಿ ಅದಕ್ಕೆ ಬಹುಪಾಲು ಜಾಗ ಸಿಗುತ್ತೆ. ಅದರ ಮೇಲೆ, ಉತ್ತರವನ್ನು ಹೊಸ ಜಾಗದ ಬದಲು ಹಳೇ ರಾಶಿಯ ಮೇಲೇ ಬರೆಯುವಂತೆ ನಮ್‌ಪೈಗೆ ಹೇಳಬಹುದು. ಗುಡ್ಡವೇ ಏಳಲ್ಲ. ರಾಶಿಯೇ ಬೇಡ ಅನ್ನೋರು ಲೂಪನ್ನು ಹಾಗೇ ಬಿಟ್ಟು ನಂಬಾ ಎಂಬ ಉಪಕರಣದಿಂದ ಯಂತ್ರಭಾಷೆಗೆ ಇಳಿಸುವುದೂ ಉಂಟು. ಅದೂ ಒಳ್ಳೇ ದಾರಿಯೇ.

ಎರಡು, ಅದಿರು ಇರೋ ಕಡೆ ಮಾತ್ರ ಅಗೆಯಬೇಕು. ವೆಬ್‌ಕ್ಯಾಮ್ ಚಿತ್ರದಲ್ಲಿ 640 ಗುಣಿಸು 480, ಅಂದ್ರೆ 3,07,200 ಪಿಕ್ಸೆಲ್. ನಮಗೆ ಬೇಕಾದದ್ದು ಎರಡು ಕಣ್ಣಿನ 5,000. ಕಣ್ಣು ಎಲ್ಲಿದೆ ಅಂತ ತಿಳಿಯೋಕೆ ಮೊದಲು ಮುಖ ಹುಡುಕಬೇಕು. ಅದಕ್ಕೆ ಅವಳು ಬಳಸಿದ್ದು ಓಪನ್‌ಸಿವಿಯಲ್ಲಿರುವ ವಯೋಲಾ ಮತ್ತು ಜೋನ್ಸ್ ಅವರ ವಿಧಾನ. ಅವರು ಅದನ್ನು ಪ್ರಕಟಿಸಿದ್ದೂ 2001ರಲ್ಲೇ, ದೊಡ್ಡಪ್ಪನ ಗಣಿ ಮುಚ್ಚಿದ ವರ್ಷ. ಕಣ್ಣಿನ ಲೆಕ್ಕ ಹಗುರಾದ ಮೇಲೆ ಈ ಮುಖ ಹುಡುಕುವ ಹಂತವೇ ಭಾರವಾಯಿತು. ಆದರೆ ದೊಡ್ಡಪ್ಪನ ತಲೆ ದಿಂಬಿನ ಮೇಲಿರುತ್ತೆ, ಅಲ್ಲಾಡೋದು ಅಪರೂಪ. ಹತ್ತು ಚಿತ್ರಕ್ಕೊಮ್ಮೆ ಮುಖ ಹುಡುಕಿದರೆ ಸಾಕಾಯಿತು. ಇದು ಯಾವ ಪುಸ್ತಕದಲ್ಲೂ ಸಿಗಲ್ಲ, ಮಂಚದ ಪಕ್ಕ ಕೂತರೆ ಸಿಗುತ್ತೆ.

ಮೂರನೆಯದು ಅವಳು ಕೇಳಿದ ಪ್ರಶ್ನೆಯಿಂದ ಬಂತು. "ಮಾಮ, ಕೇಜ್ ತುಂಬಿದಷ್ಟೂ ಲಾಭ ಅಂದ್ರೆ, 30 ಚಿತ್ರ ಒಟ್ಟಿಗೆ ಸೇರಿಸಿ ಒಂದೇ ದೊಡ್ಡ ಅರೇ ಮಾಡೋಣ. ಇನ್ನೂ ವೇಗ ಅಲ್ವಾ?"

ಒಳ್ಳೇ ಪ್ರಶ್ನೆ. ಉತ್ತರ ಮಾರಿಕುಪ್ಪಂ ಸ್ಟೇಷನ್‌ನಲ್ಲಿದೆ. ಬೆಳಗಿನ ರೈಲು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಒಂದೇ ಸಲ ಸಾವಿರಾರು ಜನರನ್ನು ಹೊತ್ತೊಯ್ಯುತ್ತೆ. ತಲೆಗೆ ಬೀಳೋ ಖರ್ಚು ತೀರಾ ಕಡಿಮೆ. ಆದರೆ ಆ ರೈಲು ಹೊರಡೋ ಹೊತ್ತಿಗೇ ಹೊರಡುತ್ತೆ. ಎದೆನೋವು ಬಂದವರು ರೈಲಿಗೆ ಕಾಯಲ್ಲ, ಆಟೋ ಹಿಡೀತಾರೆ. ಒಟ್ಟು ಎಷ್ಟು ಸಾಗಿಸಿದಿರಿ ಅನ್ನೋದು ಒಂದು ಲೆಕ್ಕ, ಒಬ್ಬರು ಎಷ್ಟು ಹೊತ್ತು ಕಾದರು ಅನ್ನೋದು ಬೇರೆ ಲೆಕ್ಕ.

30 ಚಿತ್ರ ಕೂಡೋಕೆ ಒಂದು ಸೆಕೆಂಡ್ ಕಾಯಬೇಕು. ಚಿತ್ರವೊಂದಕ್ಕೆ ತಗಲುವ ಸರಾಸರಿ ಸಮಯ ಕಾಗದದ ಮೇಲೆ ಇಳಿಯುತ್ತೆ, ದೊಡ್ಡಪ್ಪ ಮಾತ್ರ ಮತ್ತೆ ಮೊದಲಿನಷ್ಟೇ ಕಾಯ್ತಾರೆ. ಹಾಗಾಗಿ ಈ ಕೆಲಸದಲ್ಲಿ ಗೆರೆ ಸ್ಪಷ್ಟ: ಒಂದು ಚಿತ್ರದ ಒಳಗೆ ಇರೋದನ್ನೆಲ್ಲ ಒಟ್ಟಿಗೆ ಕಟ್ಟಿ, ಆದರೆ ಇನ್ನೂ ಬರದ ಚಿತ್ರವನ್ನು ಕಟ್ಟಲು ಕೂರಬೇಡಿ. ನಾಳೆಗೆ ಬೇಕಾದ ವರದಿಯಾದರೆ ಹೇಗೆ ಬೇಕಾದರೂ ತುಂಬಿಸಿ. ಎದುರಿಗೆ ಮನುಷ್ಯ ಕಾಯ್ತಿದ್ದರೆ ಅವರ ಕೈಲಿರೋ ಗಡಿಯಾರವನ್ನೇ ನೋಡಬೇಕು. ನಮ್ಮ ಆಫೀಸುಗಳಲ್ಲಿ ನಿಧಾನ ಅಂತ ದೂರು ಬರೋ ಎಷ್ಟೋ ಪುಟಗಳ ಸಮಸ್ಯೆಯೂ ಇದೇ, ಸರಾಸರಿ ಚೆನ್ನಾಗಿರುತ್ತೆ, ಕಾಯುವವರು ಕಾಯ್ತಾನೇ ಇರ್ತಾರೆ.

ಮುಟ್ಟಿದ್ದೆಲ್ಲ ಚಿನ್ನ ಆದರೆ

ವೇಗ ಬಂದ ಮೇಲೆ ಹೊಸ ತಲೆನೋವು ಶುರುವಾಯಿತು. ದೊಡ್ಡಪ್ಪ ಸುಮ್ಮನೆ ಪರದೆ ಮೇಲೆ ಕಣ್ಣಾಡಿಸಿದರೂ ಲ್ಯಾಪ್‌ಟಾಪ್ "ನೀರು, ಬೇಡ, ನೋವು, ಹೌದು" ಅಂತ ಒದರೋದು. ಕಣ್ಣಿನಿಂದ ನಡೆಯುವ ಯಂತ್ರಗಳ ಈ ತೊಂದರೆಗೆ ರಾಬರ್ಟ್ ಜೇಕಬ್ 1990ರಲ್ಲೇ ಮೈಡಾಸ್ ಸ್ಪರ್ಶ ಅಂತ ಹೆಸರಿಟ್ಟಿದ್ದರು. ಮುಟ್ಟಿದ್ದೆಲ್ಲ ಚಿನ್ನವಾಗಿ ಊಟಕ್ಕೂ ಪರದಾಡಿದ ರಾಜನ ಕತೆ. ಚಿನ್ನದ ಊರಲ್ಲಿ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಪರಿಹಾರ, ಒಂದು ಚೌಕವನ್ನು ಒಂದು ಸೆಕೆಂಡ್ ಎಡೆಬಿಡದೆ ನೋಡಿದರೆ ಮಾತ್ರ ಅದು ಆಯ್ಕೆ. ನೋಡ್ತಿರುವಾಗ ಚೌಕದ ಸುತ್ತ ಬಣ್ಣದ ಗೆರೆ ಮೆಲ್ಲಗೆ ತುಂಬುತ್ತಾ ಬರುತ್ತೆ. ಬೇಡ ಅನ್ನಿಸಿದರೆ ಅರ್ಧದಲ್ಲೇ ಕಣ್ಣು ತಿರುಗಿಸಬಹುದು. "ಮತ್ತೆ ಒಂದು ಸೆಕೆಂಡ್ ಕಾಯಿಸಿದಿರಲ್ಲ" ಅಂತೀರಾ? ವ್ಯತ್ಯಾಸ ಇದೆ. ಮೊದಲು ಆ ಸೆಕೆಂಡ್ ಯಂತ್ರದ್ದಾಗಿತ್ತು, ಏನಾಗ್ತಿದೆ ಅಂತ ಅವರಿಗೆ ಗೊತ್ತಾಗ್ತಿರಲಿಲ್ಲ. ಈಗ ಆ ಸೆಕೆಂಡ್ ಅವರದ್ದು. ನೋಡಿದ ಕ್ಷಣವೇ ಗೆರೆ ಶುರುವಾಗುತ್ತೆ, ನಿಲ್ಲಿಸೋದೂ ಅವರ ಕಣ್ಣಲ್ಲೇ ಇದೆ. ಗೆರೆ ತಕ್ಷಣ ಶುರುವಾಗಬೇಕು ಅಂದ್ರೆ ಕೋಡ್ 33 ಮಿಲಿಸೆಕೆಂಡ್ ಒಳಗೆ ಮುಗಿಯಲೇಬೇಕು. ಅರೇ ಕೆಲಸಕ್ಕೆ ಬಂದದ್ದು ಇಲ್ಲಿ.

ಈಗ ದೊಡ್ಡಪ್ಪ ದಿನಕ್ಕೆ ಕೆಲವು ಹೊತ್ತು ಲ್ಯಾಪ್‌ಟಾಪ್ ಇಡಿಸಿಕೊಳ್ತಾರೆ. ಸಂಜೆ ಕಿಟಕಿ ಬೆಳಕು ಓರೆಯಾಗಿ ಬಿದ್ದಾಗ ಕ್ಯಾಮೆರಾ ತಡಬಡಾಯಿಸುತ್ತೆ, ಆಗ ದೊಡ್ಡಮ್ಮನ ಪ್ಲಾಸ್ಟಿಕ್ ಹಾಳೆಯೇ ಗತಿ. ಅತಿ ಹೆಚ್ಚು ಬಳಸೋ ಚೌಕ ನೀರು ಇರಬಹುದು ಅಂದುಕೊಂಡಿದ್ದೆವು. ಅಲ್ಲ, "ಬೇಡ". ಎರಡನೇ ಲೋಟ ಗಂಜಿ ಬೇಡ, ಟಿವಿ ಬೇಡ, ಬಂದವರು ತಲೆ ಮೇಲೆ ಕೈಯಿಟ್ಟು ಅಯ್ಯೋ ಅನ್ನೋದು ಬೇಡ. ತಿಂಗಳುಗಟ್ಟಲೆ ಎಲ್ಲರೂ ಅವರಿಗೆ ಬೇಕಾದದ್ದನ್ನು ಊಹಿಸಿ ಮಾಡ್ತಾ ಇದ್ದೆವು. ಬೇಡವಾದದ್ದನ್ನು ಯಾರೂ ಕೇಳಿರಲಿಲ್ಲ.

ನೀವು ಮಾಡೋದಾದರೆ

ಇಂಥ ಕೋಡಿಗೆ ಕೈ ಹಾಕುವ ಮುಂಚೆ ಪ್ರತಿ ಹಂತಕ್ಕೂ ಗಡಿಯಾರ ಕಟ್ಟಿ. ಯಾವುದು ನಿಧಾನ ಅಂತ ಊಹಿಸಬೇಡಿ. ಹಳೇ ನಿಧಾನ ಕೋಡನ್ನು ಅಳಿಸದೆ ಸಾಕ್ಷಿಗೆ ಇಟ್ಟುಕೊಳ್ಳಿ: ಉಳಿಸಿಟ್ಟ ನೂರು ಚಿತ್ರಗಳನ್ನು ಎರಡಕ್ಕೂ ಕೊಟ್ಟು, ಉತ್ತರ ಒಂದೇ ಬರುತ್ತಾ ನೋಡಿ. ವೇಗವಾಗಿ ಬಂದ ತಪ್ಪು ಉತ್ತರ ಯಾರಿಗೂ ಬೇಡ. ಅಳೆಯೋದು ನಿಮ್ಮ ಆಫೀಸಿನ ಹೊಸ ಯಂತ್ರದ ಮೇಲಲ್ಲ, ಆ ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್ ಮೇಲೆ.

ಮನೆಯಲ್ಲಿ ಮಾತು ಕಳೆದುಕೊಂಡವರು ಇದ್ದರೆ ಮೊದಲು ವಾಕ್ ಚಿಕಿತ್ಸಕರನ್ನು ಕಾಣಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿಗೆ ಬದಲಿ ಸಂವಹನ ಕಲಿಸುವವರು ಇದ್ದಾರೆ. ಕೋಡ್ ಆಮೇಲೆ. ಪ್ಲಾಸ್ಟಿಕ್ ಹಾಳೆ ಮತ್ತು ಸ್ಕೆಚ್ ಪೆನ್ ಇವತ್ತೇ ಶುರು ಮಾಡಬಹುದು.

ಸದ್ಯಕ್ಕೆ ಮೊಮ್ಮಗಳು ಏಳನೇ ಚೌಕ ಸೇರಿಸುತ್ತಿದ್ದಾಳೆ. ಯಾವ ಪದ ಬೇಕು ಅಂತ ತಾತನನ್ನೇ ಕೇಳೋಣ ಅಂತ ದೊಡ್ಡಮ್ಮನ ಹಾಳೆಯಲ್ಲಿ ಅಕ್ಷರ ಅಕ್ಷರವಾಗಿ ಕೇಳಿದೆವು. ಬಂದ ಉತ್ತರ: "ಕಾಫಿ". ನುಂಗಲು ಕಷ್ಟ ಇರೋದರಿಂದ ಎಷ್ಟು, ಹೇಗೆ ಕೊಡಬಹುದು ಅಂತ ವೈದ್ಯರನ್ನು ಕೇಳಬೇಕು. ಚೌಕವನ್ನಂತೂ ಸೇರಿಸಿ ಆಗಿದೆ.